ಸಕ್ಕರೆಗೆ ಎಷ್ಟು ಹೆಸರು? ಒಂದು ಪದದ ಜಾಡು ಹಿಡಿಯುವ ಬಗೆ

"ಈ ಪದಕ್ಕೆ ಬೇರೆ ಬೇರೆ ಭಾಷೆಗಳಲ್ಲಿ ಏನಂತಾರೆ, ಎಲ್ಲಿ ಹುಡುಕೋದು?" ಈ ಪ್ರಶ್ನೆ ಬರುವುದು ನಿಂತೇ ಇಲ್ಲ. ಕೇಳುವವರಲ್ಲಿ ಮಕ್ಕಳ ಶಾಲೆಯ ಪ್ರಾಜೆಕ್ಟ್ ತಲೆಗೆ ಕಟ್ಟಿಕೊಂಡ ಅಪ್ಪ ಅಮ್ಮಂದಿರೇ ಜಾಸ್ತಿ. ಹೇಗೋ ಒಂದು ಪಟ್ಟಿ ಮಾಡಿಕೊಂಡ ಮೇಲೆ ಎರಡನೇ ಪ್ರಶ್ನೆ ಬರುತ್ತದೆ: "ಇಷ್ಟೊಂದು ಭಾಷೆಗಳಲ್ಲಿ ಒಂದೇ ಥರ ಕೇಳಿಸುತ್ತಲ್ಲ, ಹಾಗಾದರೆ ಎಲ್ಲಾ ನಮ್ಮಿಂದಲೇ ಹೋಗಿದ್ದಾ?"

ಎರಡಕ್ಕೂ ಸೇರಿಸಿ ಈ ಲೇಖನ. ಉದಾಹರಣೆಗೆ ಮಂಡ್ಯದವರಿಗೆ ಹೇಳಿಕೊಡಬೇಕಿಲ್ಲದ ಪದವನ್ನೇ ತೆಗೆದುಕೊಳ್ಳೋಣ: ಸಕ್ಕರೆ. ಇದನ್ನು ಪೂರ್ತಿ ಮಾಡಿ ನೋಡಿದರೆ ಬೇರೆ ಯಾವ ಪದವನ್ನಾದರೂ ನೀವೇ ಹುಡುಕಬಹುದು.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್, ಇಂಟರ್‌ನೆಟ್ ಇರುವ ಫೋನು, ಒಂದೆರಡು ಒಳ್ಳೆಯ ನಿಘಂಟು. ನೋಟ್‌ಬುಕ್ಕಿನಲ್ಲಿ ಐದು ಕಾಲಂ ಗೆರೆ ಹಾಕಿ: ಭಾಷೆ, ಆ ಭಾಷೆಯ ಲಿಪಿಯಲ್ಲಿ ಪದ, ಕನ್ನಡದಲ್ಲಿ ಉಚ್ಚಾರ, ಅದು ಸೂಚಿಸುವ ವಸ್ತು, ಎಲ್ಲಿ ಸಿಕ್ಕಿತು. ನಾಲ್ಕನೇ ಕಾಲಂ ಎಲ್ಲರೂ ಬಿಡುತ್ತಾರೆ. ಕೆಲಸ ಕೆಡುವುದೂ ಅಲ್ಲೇ.

ಕನ್ನಡಕ್ಕೆ ಕಿಟ್ಟೆಲ್ ನಿಘಂಟು (1894) ಇಂದಿಗೂ ಕೈಬಿಡುವ ಹಾಗಿಲ್ಲ. ಪದ ಹಳೆಯ ಕಾವ್ಯ, ಶಾಸನಗಳಲ್ಲಿ ಎಲ್ಲಿ ಬಂದಿದೆ ಎಂದು ನೋಡಬೇಕಿದ್ದರೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇದೆ. ಅದರ ಹಿಂದೆ ದಶಕಗಳ ಕಾಲ ದುಡಿದ ಜಿ. ವೆಂಕಟಸುಬ್ಬಯ್ಯನವರು ಮೇಷ್ಟರ ಕೆಲಸ ಶುರು ಮಾಡಿದ್ದು ಮಂಡ್ಯದ ಶಾಲೆಯಲ್ಲೇ. ದ್ರಾವಿಡ ಮೂಲದ ಪದವಾದರೆ ಬರೋ ಮತ್ತು ಎಮಿನೋ ಅವರ ದ್ರಾವಿಡ ನಿಘಂಟು (1961, ಎರಡನೇ ಆವೃತ್ತಿ 1984) ನೋಡಿ. ಅದನ್ನು ಇಂಟರ್‌ನೆಟ್ಟಿನಲ್ಲೇ ತೆರೆಯಬಹುದು.

ಮೈಸೂರಿನವರಿಗೆ ಇನ್ನೊಂದು ಅನುಕೂಲ. ಮಾನಸಗಂಗೋತ್ರಿಯಲ್ಲಿ 1969ರಿಂದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥಾನ ಇದೆ. ಭಾಷೆಗಳ ಪುಸ್ತಕಕ್ಕೆ ಇಷ್ಟು ಹತ್ತಿರದಲ್ಲಿ ಇಂಥ ಜಾಗ ಎಲ್ಲ ಊರಿಗೂ ಸಿಗುವುದಿಲ್ಲ. ಹೊರಗಿನವರನ್ನು ಯಾವಾಗ ಬಿಡುತ್ತಾರೆ, ಏನು ಚೀಟಿ ಬೇಕು ಎಂದು ಮೊದಲು ಫೋನಿನಲ್ಲಿ ಕೇಳಿಕೊಳ್ಳಿ.

ಹಂತ 1: ಪದಕ್ಕಿಂತ ಮೊದಲು ವಸ್ತು

"ಸಕ್ಕರೆ" ಎಂದರೆ ನಿಮ್ಮ ಮನಸ್ಸಿನಲ್ಲಿ ಇರುವುದು ಏನು? ಡಬ್ಬದಲ್ಲಿರುವ ಬಿಳಿ ಹರಳೋ, ಸಿಹಿಯಾದ ಏನೇ ಆದರೂ ಸರಿಯೋ, ರಕ್ತದಲ್ಲಿ ಅಳೆಯುವ ಸಕ್ಕರೆಯೋ? ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಉದಾಹರಣೆಗೆ: "ಕಬ್ಬಿನ ಹಾಲಿನಿಂದ ತೆಗೆದ, ಕಾಫಿಗೆ ಹಾಕುವ ಬಿಳಿ ಹರಳು."

ಸುಮ್ನೆ ಹೇಳುತ್ತಿಲ್ಲ. ಕಬ್ಬಿನಿಂದ ಬರುವ ಸಿಹಿಗೆ ನಮ್ಮಲ್ಲೇ ಎಷ್ಟು ಹೆಸರು ನೋಡಿ. ಆಲೆಮನೆಗೆ ಹೋದರೆ ಕಬ್ಬಿನ ಹಾಲು, ಕಾಕಂಬಿ, ಅಚ್ಚು ಬೆಲ್ಲ, ಉಂಡೆ ಬೆಲ್ಲ, ಬಕೆಟ್ ಬೆಲ್ಲ. ಅಂಗಡಿಗೆ ಬಂದರೆ ಸಕ್ಕರೆ, ಕಲ್ಲುಸಕ್ಕರೆ. ಸಂಕ್ರಾಂತಿ ಬಂದರೆ ಸಕ್ಕರೆ ಅಚ್ಚು. ಇದು ಹೊಸ ಕಾಲದ ಚಾಳಿ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಮೈಸೂರಿನಲ್ಲೇ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂತು, 1909ರಲ್ಲಿ ಅಚ್ಚಾಯಿತು. ಅದರಲ್ಲಿ ಉಗ್ರಾಣದ ಅಧಿಕಾರಿ ಲೆಕ್ಕ ಇಡಬೇಕಾದ ಸಿಹಿಗಳು ಐದು: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಫಾಣಿತ ಎಂದರೆ ನೀರಾದ ಪಾಕ, ಗುಡ ಎಂದರೆ ಬೆಲ್ಲ. ಹೀಗೆ ಒಂದೊಂದು ಹದಕ್ಕೂ ಒಂದೊಂದು ಹೆಸರು. ಈ ಐದರಲ್ಲಿ ಮೂರು ಹೆಸರುಗಳು ದೇಶ ಬಿಟ್ಟು ಹೊರಟವು. ಮುಂದೆ ಅವನ್ನು ದಾರಿಯಲ್ಲಿ ಕಾಣುತ್ತೀರಿ.

ಹಂತ 2: ಮನೆಯ ಪದವನ್ನು ಮೊದಲು ಬಿಚ್ಚಿ ನೋಡಿ

ನಿಘಂಟಿನಲ್ಲಿ "ಸಕ್ಕರೆ" ತೆಗೆಯಿರಿ. ಪಕ್ಕದಲ್ಲಿ ತದ್ಭವ ಎಂದು ಇರುತ್ತದೆ. ಸಂಸ್ಕೃತದ ಪದ ಪ್ರಾಕೃತದ ಮೂಲಕವೋ ಆಡುಮಾತಿನಲ್ಲಿ ಸವೆದೋ ಕನ್ನಡದ ಮೈಗೆ ಹೊಂದಿಕೊಂಡರೆ ಅದು ತದ್ಭವ. ಇಲ್ಲಿ ಮೂಲ "ಶರ್ಕರಾ". ಶಕಾರ ಸಕಾರವಾಯಿತು, "ರ್ಕ" ಎಂಬ ಒತ್ತು "ಕ್ಕ" ಆಯಿತು, ಕೊನೆಯ ಆಕಾರ ಎಕಾರವಾಯಿತು.

ಇಂಥ ಬದಲಾವಣೆ ಒಂದೇ ಪದದಲ್ಲಿ ಕಂಡರೆ ನಂಬಬೇಡಿ. ಜೊತೆಗಾರರನ್ನು ಹುಡುಕಿ. ಕರ್ಕಶ ನಮ್ಮಲ್ಲಿ ಕಕ್ಕಸ ಆಗಿದೆ, ಅರ್ಕ ಎಕ್ಕ ಆಗಿದೆ. ದ್ರಾಕ್ಷಾ ದ್ರಾಕ್ಷೆ ಆಗಿದೆ. ಅಂದಮೇಲೆ ಶರ್ಕರಾ ಸಕ್ಕರೆ ಆಗಿದ್ದು ನಿಯಮದ ಪ್ರಕಾರವೇ.

ಇನ್ನು ಶರ್ಕರಾ ಎಂಬುದರ ಮೊದಲ ಅರ್ಥ ಸಿಹಿಯೇ ಅಲ್ಲ. ಗರಸು, ಸಣ್ಣ ಕಲ್ಲು. ಬಾಯಿಗೆ ಹಾಕಿದರೆ ಕರಕರ ಎನ್ನುವ ಕಾಳು ಎಂದು ಆ ಹೆಸರು ಇದಕ್ಕೆ ಬಂತು. ಹಾಗೆ ನೋಡಿದರೆ ನಮ್ಮ "ಕಲ್ಲುಸಕ್ಕರೆ" ಎಂದರೆ ಕಲ್ಲು-ಕಲ್ಲು!

ಹಂತ 3: ಪಕ್ಕದ ಮನೆಗಳ ಬಾಗಿಲು ತಟ್ಟಿ

ಎಲ್ಲರೂ ನೇರವಾಗಿ ಫ್ರೆಂಚಿಗೂ ಜಪಾನಿಗೂ ಹಾರುತ್ತಾರೆ. ಹಾರಬೇಡಿ. ಪಕ್ಕದ ಭಾಷೆಗಳೇ ನಿಮ್ಮನ್ನು ಜಾಸ್ತಿ ಎಡವಿಸುವುದು.

ತೆಲುಗಿನಲ್ಲಿ ಚಕ್ಕೆರ, ಪಂಚದಾರ ಎರಡೂ ಇವೆ. ಮರಾಠಿಯಲ್ಲಿ ಸಾಖರ್. ತಮಿಳಿನಲ್ಲಿ ಸರ್ಕ್ಕರೈ, ಚೀನಿ. ಇಲ್ಲಿಯವರೆಗೆ ಪರವಾಗಿಲ್ಲ. ಆದರೆ ತಮಿಳರ ಸಕ್ಕರೈ ಪೊಂಗಲ್‌ಗೆ ಬೀಳುವುದು ಬೆಲ್ಲ. ಮಲಯಾಳಕ್ಕೆ ಹೋದರೆ ಪೂರ್ತಿ ತಲೆಕೆಳಗು. ಅಲ್ಲಿ ಶರ್ಕ್ಕರ ಎಂದರೆ ಬೆಲ್ಲವೇ, ಬಿಳಿ ಸಕ್ಕರೆಗೆ ಪಂಚಸಾರ ಎನ್ನುತ್ತಾರೆ. ಮೈಸೂರಿನಿಂದ ವಯನಾಡಿನ ಕಡೆ ಹೋದಾಗ ಅಂಗಡಿಯಲ್ಲಿ "ಶರ್ಕರ" ಎಂದು ಧೈರ್ಯವಾಗಿ ಕೇಳಿ ಬೆಲ್ಲ ಹಿಡಿದುಕೊಂಡು ಬಂದವನು ನಾನು. ಗುಜರಾತಿನಲ್ಲಿ ಸಾಕರ್ ಎಂದರೆ ಕಲ್ಲುಸಕ್ಕರೆ, ಮಾಮೂಲಿ ಸಕ್ಕರೆ ಖಾಂಡ್. ಪಂಜಾಬಿನಲ್ಲಿ ಶಕ್ಕರ್ ಎಂದರೆ ಪುಡಿ ಬೆಲ್ಲ.

ನೋಡಿದಿರಾ, ಪದ ಒಂದೇ. ಡಬ್ಬದೊಳಗಿನ ಸಾಮಾನು ಊರಿಗೊಂದು. ನಾಲ್ಕನೇ ಕಾಲಂ ಯಾಕೆ ಬೇಕು ಎಂದು ಈಗ ಗೊತ್ತಾಯಿತಲ್ಲ.

ಬೆಲ್ಲದಲ್ಲೂ ಒಂದು ಹಳ್ಳ ಇದೆ. ತಮಿಳಿನ ವೆಲ್ಲಂ ನಮ್ಮ ಬೆಲ್ಲದ ನೆಂಟ. ಮಲಯಾಳದ ವೆಳ್ಳಂ ನೀರು. ಲಕಾರ ಳಕಾರದ ವ್ಯತ್ಯಾಸ ಅಷ್ಟೇ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಪಟ್ಟಿ ನೋಡಿ ಕೆಲಸ ಮಾಡಿದರೆ ಎರಡೂ ಒಂದೇ ಆಗಿ ಕಾಣುತ್ತವೆ.

ಹಿಂದಿಯ ಚೀನಿ ಎಂದರೆ ಚೀನಾದ್ದು, ಮಿಶ್ರಿ ಎಂದರೆ ಮಿಸ್ರ್ ಅಂದರೆ ಈಜಿಪ್ಟಿನದ್ದು. ಸಕ್ಕರೆಯ ಹೆಸರನ್ನು ಅರ್ಧ ಲೋಕಕ್ಕೆ ಕೊಟ್ಟ ದೇಶವೇ ತನ್ನ ಸಕ್ಕರೆಯನ್ನು ಪರದೇಶದ ಹೆಸರಿನಿಂದ ಕರೆಯುತ್ತಿದೆ!

ಹಂತ 4: ದೂರದ ಭಾಷೆಗಳ ಪಟ್ಟಿ

ಇಲ್ಲಿ ವಿಕ್ಷನರಿ ಬೇಕು, ಅಂದರೆ ಎಲ್ಲರೂ ಸೇರಿ ಬರೆಯುವ ಮುಕ್ತ ನಿಘಂಟು. ಇಂಗ್ಲಿಷ್ ವಿಕ್ಷನರಿಯಲ್ಲಿ ಪದ ತೆರೆದು ಅನುವಾದಗಳ ಪೆಟ್ಟಿಗೆಗೆ ಇಳಿಯಿರಿ. ಒಂದು ಪದಕ್ಕೆ ಹಲವು ಅರ್ಥಗಳಿದ್ದರೆ ಪೆಟ್ಟಿಗೆಗಳೂ ಹಲವು. ಹಂತ 1ರಲ್ಲಿ ಬರೆದ ವಾಕ್ಯಕ್ಕೆ ಹೊಂದುವ ಪೆಟ್ಟಿಗೆ ಮಾತ್ರ ತೆರೆಯಿರಿ. ಆಮೇಲೆ ವಿಕಿಪೀಡಿಯದಲ್ಲಿ ಅದೇ ವಸ್ತುವಿನ ಲೇಖನಕ್ಕೆ ಹೋಗಿ ಭಾಷೆಗಳ ಪಟ್ಟಿ ಒತ್ತಿ, ಬೇರೆ ಭಾಷೆಯ ತಲೆಬರಹ ತಾಳೆ ನೋಡಿ. ಎರಡೂ ಕಡೆ ಒಂದೇ ಇದ್ದರೆ ಬರೆದುಕೊಳ್ಳಿ. ಬೇರೆ ಇದ್ದರೆ ಪ್ರಶ್ನೆ ಗುರುತು ಹಾಕಿ.

ಫೋನಿನ ಅನುವಾದ ಆ್ಯಪ್‌ಗೆ ಬಿಡಿ ಪದ ಕೊಡಬೇಡಿ. ಬೇಕಿದ್ದರೆ "ಕರಿ" ಎಂದು ಕೊಟ್ಟು ನೋಡಿ. ಕಪ್ಪೋ, ಆನೆಯೋ, ಬಾಣಲೆಯಲ್ಲಿ ಹಪ್ಪಳ ಕರಿಯುವುದೋ, ಪಾಪ, ಅದಕ್ಕೆ ಹೇಗೆ ಗೊತ್ತಾಗಬೇಕು? "ಕಾಫಿಗೆ ಎರಡು ಚಮಚ ಸಕ್ಕರೆ ಹಾಕು" ಎಂದು ಪೂರ್ತಿ ವಾಕ್ಯ ಕೊಟ್ಟರೆ ತಪ್ಪು ಕಡಿಮೆ.

ಎಲ್ಲಕ್ಕಿಂತ ಒಳ್ಳೆಯದು ಆ ಭಾಷೆ ಆಡುವವರನ್ನೇ ಕೇಳುವುದು. ಮೈಸೂರು ಸುತ್ತ ಇದಕ್ಕೆ ಬರವಿಲ್ಲ. ಗೋಕುಲಂನಲ್ಲಿ ಯೋಗ ಕಲಿಯಲು ಬಂದವರಿದ್ದಾರೆ, ವಿಶ್ವವಿದ್ಯಾಲಯದಲ್ಲಿ ಹೊರದೇಶದ ವಿದ್ಯಾರ್ಥಿಗಳಿದ್ದಾರೆ, ಬೈಲಕುಪ್ಪೆಯಲ್ಲಿ ಟಿಬೆಟನ್ನರಿದ್ದಾರೆ. ಕೇಳುವಾಗ "ಶುಗರ್‌ಗೆ ಏನಂತೀರಿ?" ಎನ್ನಬೇಡಿ. ಸಕ್ಕರೆ ತೋರಿಸಿ, ಇದು ಏನು ಅನ್ನಿ. ಬೆಲ್ಲ ತೋರಿಸಿ, ಇದು ಏನು ಅನ್ನಿ. ಟಿಬೆಟಿಯನ್ನಿನಲ್ಲಿ ಹರಳು ಸಕ್ಕರೆಗೆ ಚೆಮಾ ಕಾರ ಎಂಬ ಮಾತಿದೆ. ಚೆಮಾ ಎಂದರೆ ಮರಳು. ಜಪಾನಿ ಭಾಷೆಯ ಸಾತೋ ಕೂಡ ಬರವಣಿಗೆಯಲ್ಲಿ "ಮರಳು ಸಕ್ಕರೆ"ಯೇ. ಗರಸು ಎಂದು ಹೆಸರಿಟ್ಟ ಸಂಸ್ಕೃತದವರ ನಾಲಿಗೆಗೂ ಇವರ ನಾಲಿಗೆಗೂ ಒಂದೇ ಕರಕರ ಸಿಕ್ಕಿರಬೇಕು.

ಹಂತ 5: ಬರೆದ ರೂಪ ಬೇರೆ, ಆಡುವ ರೂಪ ಬೇರೆ

ಇದು ಚಿಕ್ಕ ಹಂತ, ಆದರೆ ಬಿಡಬೇಡಿ. ಕಾಂಬೋಡಿಯಾದ ಖ್ಮೇರ್ ಭಾಷೆಯಲ್ಲಿ ಸಕ್ಕರೆಯ ಪದದ ಅಕ್ಷರಗಳನ್ನು ಓದಿದರೆ "ಸ್ಕರ". ಬಾಯಲ್ಲಿ ಕೊನೆಯ ರಕಾರ ಕೇಳಿಸುವುದೇ ಇಲ್ಲ. ಅಕ್ಷರ ನೋಡಿದರೆ ನೆಂಟಸ್ತಿಕೆ ಗೊತ್ತಾಗುತ್ತದೆ, ಕಿವಿಗೊಟ್ಟರೆ ಗೊತ್ತಾಗುವುದಿಲ್ಲ. ಇಂಗ್ಲಿಷಿನ ಶುಗರ್ ಇದಕ್ಕೆ ಉಲ್ಟಾ. ಬರೆಯುವುದು ಸಕಾರದ ಅಕ್ಷರ, ಆಡುವುದು ಶಕಾರ. "ನೋಡಿ, ಸಂಸ್ಕೃತದ ಶ ಹಾಗೇ ಉಳಿದಿದೆ" ಎಂದು ಹಲವರು ಬರೆದಿದ್ದಾರೆ. ತಪ್ಪು. ಆ ಶಕಾರ ಇಂಗ್ಲಿಷಿನ ಒಳಗೇ ಆಮೇಲೆ ಹುಟ್ಟಿದ್ದು, "ಶೂರ್" (sure) ಎಂಬ ಪದದಲ್ಲಿ ಆದ ಹಾಗೆ.

ಹಂತ 6: ಗುಂಪು ಮಾಡಿ, ದಾರಿ ಕಾಣುತ್ತದೆ

ಇದು ನನಗೆ ಎಲ್ಲಕ್ಕಿಂತ ಇಷ್ಟದ ಹಂತ. ಇಷ್ಟು ಹೊತ್ತು ಸೇರಿಸಿದ ಪದಗಳನ್ನು ಭಾಷೆಯ ಅಕಾರಾದಿಯಲ್ಲಿ ಜೋಡಿಸಬೇಡಿ. ಧ್ವನಿ ನೋಡಿ ರಾಶಿ ಹಾಕಿ.

ಶಕಾರದ ರಾಶಿ ಮೊದಲು. ಪರ್ಷಿಯನ್ ಶೆಕರ್, ಟರ್ಕಿಶ್ ಶೆಕೆರ್, ಅರ್ಮೇನಿಯನ್ ಶಾಕಾರ್, ಜಾರ್ಜಿಯನ್ ಶಾಕಾರಿ, ಅಲ್ಬೇನಿಯನ್ ಶೆಚೆರ್. ಭೂಪಟದಲ್ಲಿ ಚುಕ್ಕಿ ಇಟ್ಟರೆ ಇರಾನಿನಿಂದ ಬಾಲ್ಕನ್ ತನಕ ಒಂದು ಸಾಲು ಏಳುತ್ತದೆ. ಪದ ಇಲ್ಲಿ ಪರ್ಷಿಯನ್ನಿನ ಮೂಲಕ, ಮುಂದೆ ತುರ್ಕರ ಜೊತೆ ನಡೆದಿದೆ.

ಅದೇ ಪದ ಅರಬ್ಬಿಗೆ ಹೋಗಿ ಸುಕ್ಕರ್ ಆಯಿತು. ಅಲ್ಲಿಂದ ಎರಡನೇ ರಾಶಿ. ಆಫ್ರಿಕಾದ ಸ್ವಾಹಿಲಿಯಲ್ಲಿ ಸುಕಾರಿ. ಮೆಡಿಟರೇನಿಯನ್ ದಾಟಿದರೆ ಇಟಾಲಿಯನ್ ಜುಕ್ಕೆರೊ, ಫ್ರೆಂಚ್ ಸುಕ್ರ್, ಜರ್ಮನ್ ತ್ಸುಕರ್, ಹಂಗೇರಿಯನ್ ತ್ಸುಕೊರ್, ಸ್ವೀಡಿಶ್ ಸೊಕರ್, ಫಿನ್ನಿಶ್ ಸೊಕೆರಿ. ಇಂಗ್ಲಿಷಿನ ಶುಗರ್ ಕೂಡ ಇದೇ ರಾಶಿಯದು. ಅದಕ್ಕೆ ಫ್ರೆಂಚರ ಕಡೆಯಿಂದ ಬಂತು. ನ್ಯೂಜಿಲೆಂಡಿನ ಮಾವೋರಿಗಳಿಗೆ ಇಂಗ್ಲಿಷಿನಿಂದ ಸಿಕ್ಕಿತು. ಅವರ ಭಾಷೆಯಲ್ಲಿ ಸಕಾರವೂ ಇಲ್ಲ, ಗಕಾರವೂ ಇಲ್ಲ. ಹಾಗಾಗಿ ಅವರು ಮಾಡಿಕೊಂಡಿದ್ದು ಹುಕಾ! ಶರ್ಕರಾದಿಂದ ಹುಕಾ ತನಕ ನಡುವಿನ ಮೆಟ್ಟಿಲು ಒಂದೊಂದೂ ಸಿಗುತ್ತದೆ. ಮೆಟ್ಟಿಲು ತೋರಿಸದೆ ಎರಡು ತುದಿ ಮಾತ್ರ ತೋರಿಸಿದರೆ ಯಾರು ನಂಬುತ್ತಾರೆ?

ಈ ರಾಶಿಯಲ್ಲೇ ಒಂದು ಮರಿ ರಾಶಿ. ಸ್ಪ್ಯಾನಿಶ್ ಅಸೂಕರ್, ಪೋರ್ಚುಗೀಸ್ ಅಸೂಕರ್, ಫಿಲಿಪ್ಪೀನ್ಸಿನ ಅಸುಕಲ್. ಮುಂದಿರುವ ಅಕಾರ ಎಲ್ಲಿಂದ ಬಂತು? ಅರಬ್ಬಿಯಲ್ಲಿ ನಾಮಪದದ ಶುರುವಿಗೆ "ಅಲ್" ಸೇರುತ್ತದೆ, ಸಕಾರದ ಮುಂದೆ ಅದು "ಅಸ್" ಆಗುತ್ತದೆ. ಅಸ್-ಸುಕ್ಕರ್. ಸ್ಪೇನ್ ಶತಮಾನಗಳ ಕಾಲ ಅರಬ್ಬಿ ಮಾತನಾಡುವವರ ಆಳ್ವಿಕೆ ಕಂಡ ನಾಡು. ಅಲ್ಲಿಯವರು ಅರಬ್ಬಿ ಬಾಯಿಂದ ಕೇಳಿದ್ದನ್ನು ಆ ಅಕಾರ ಸಮೇತ ಎತ್ತಿಕೊಂಡರು. ಫಿಲಿಪ್ಪೀನ್ಸನ್ನು ಸ್ಪೇನ್ 300 ವರ್ಷಕ್ಕೂ ಹೆಚ್ಚು ಆಳಿತು, ಹಾಗೆ ಆ ಅಕಾರ ಮನಿಲಾ ತಲುಪಿತು.

ಮೂರನೆಯದು ಖಕಾರದ ರಾಶಿ. ಹಳೆಯ ಗ್ರೀಕರಿಗೆ ಇದು ಸಾಖರೋನ್. ಕ್ರಿ.ಶ. 1ನೇ ಶತಮಾನದ ವೈದ್ಯ ಡಯೊಸ್ಕೊರಿಡೆಸ್ ಇದನ್ನು ಭಾರತದ ಜೊಂಡಿನಂಥ ಗಿಡಗಳಲ್ಲಿ ಸಿಗುವ, ಉಪ್ಪಿನ ಹಾಗೆ ಹಲ್ಲಿಗೆ ಪುಡಿಯಾಗುವ ಗಟ್ಟಿ ಜೇನು ಎಂದು ಬಣ್ಣಿಸಿದ. ಇಂದಿನ ಗ್ರೀಕ್ ಜಾಖರಿ, ರಷ್ಯನ್ ಸಾಖರ್, ಬಲ್ಗೇರಿಯನ್ ಜಾಹರ್, ರೊಮೇನಿಯನ್ ಜಹರ್ ಈ ಕಡೆಯವು. ಕಬ್ಬಿನ ಸಸ್ಯಶಾಸ್ತ್ರೀಯ ಹೆಸರಿನ ಮೊದಲ ಭಾಗ ಸ್ಯಾಕರಮ್, 1879ರಲ್ಲಿ ಪತ್ತೆಯಾದ ಸ್ಯಾಕರಿನ್ ಎಂಬ ಕೃತಕ ಸಿಹಿ, ಎಲ್ಲ ಅದೇ ಬೇರಿನವು.

ಇನ್ನು ಬೇರೆ ಬೇರಿನವು. ಮಲಯ್ ಮತ್ತು ಇಂಡೋನೇಷ್ಯದ ಗುಲಾ ಅರ್ಥಶಾಸ್ತ್ರದ ಪಟ್ಟಿಯ ಗುಡದಿಂದ ಹೋದದ್ದು. ಚೀನಿ ಭಾಷೆಯ ತಾಂಗ್ ಸ್ವಂತದ್ದು. ಜಪಾನಿ ಸಾತೋ, ಕೊರಿಯನ್ ಸೋಲ್‌ತಾಂಗ್ ಎರಡರ ಬಾಲದಲ್ಲೂ ಅದೇ ಇದೆ. ಕೊರಿಯನ್ನರದು ಮರಳಲ್ಲ, "ಹಿಮ ಸಕ್ಕರೆ". ಥಾಯ್ ಭಾಷೆಯಲ್ಲಿ ನಾಮ್‌ತಾನ್, ಅಂದರೆ ತಾಳೆಯ ನೀರು. ಅವರ ಸಿಹಿ ಮೊದಲು ಬಂದಿದ್ದು ತಾಳೆಮರದಿಂದ. ಹವಾಯಿಯವರು ಯಾರಿಂದಲೂ ಎರವಲು ಪಡೆಯಲಿಲ್ಲ. ಕೋ ಎಂದರೆ ಕಬ್ಬು, ಪಅ ಎಂದರೆ ಗಟ್ಟಿ, ಹಾಗೆ ಕೋಪಅ.

ಅರ್ಥಶಾಸ್ತ್ರದ ಮೂರನೇ ಪಯಣಿಗ ಖಂಡ. ಅದು ಪರ್ಷಿಯನ್ ಕಂದ್ ಆಗಿ, ಅರಬ್ಬಿಯ ಮೂಲಕ ಯುರೋಪಿಗೆ ಹೋಗಿ, ಇಂಗ್ಲಿಷಿನಲ್ಲಿ ಕ್ಯಾಂಡಿ ಆಯಿತು.

ಹಂತ 7: ಸುಳ್ಳು ನೆಂಟರನ್ನು ಹೊರಗೆ ಹಾಕಿ

ಸುಳ್ಳು ನೆಂಟ ಎಂದರೆ ಕೇಳಲು ಒಂದೇ ಥರ ಇದ್ದು ಹುಟ್ಟಿನಲ್ಲಿ ಸಂಬಂಧವೇ ಇಲ್ಲದ ಪದ. ಮೇಲಿನ ರೊಮೇನಿಯನ್ ಜಹರ್ ನೋಡಿ. ಉರ್ದುವಿನಲ್ಲಿ ಜಹರ್ ಎಂದರೆ ವಿಷ! ಅವರು ಕಾಫಿಗೆ ಹಾಕಿಕೊಳ್ಳುವುದು ಸಕ್ಕರೆಯೇ, ಗಾಬರಿ ಬೇಡ. ಪರ್ಷಿಯನ್ನಿನಲ್ಲಿ "ಬದ್" ಎಂದರೆ ಕೆಟ್ಟದ್ದು, ಇಂಗ್ಲಿಷಿನ "ಬ್ಯಾಡ್" ಕೂಡ ಅದೇ. ಆದರೂ ಎರಡಕ್ಕೂ ನಂಟಿಲ್ಲ.

ಅಮ್ಮ, ಅಪ್ಪ ಇಂಥ ಪದಗಳನ್ನು ಪ್ರಾಜೆಕ್ಟಿಗೆ ಆರಿಸಿಕೊಳ್ಳಬೇಡಿ. ಮಗು ಮೊದಲು ಆಡುವ ಸದ್ದುಗಳು ಎಲ್ಲ ಕಡೆ ಸುಮಾರು ಒಂದೇ. ಅದರಿಂದ ಯಾವ ನೆಂಟಸ್ತಿಕೆಯೂ ಸಾಬೀತಾಗುವುದಿಲ್ಲ. ಜಾರ್ಜಿಯನ್ನಿನಲ್ಲಿ ಮಾಮಾ ಎಂದರೆ ಅಪ್ಪ, ದೇದಾ ಎಂದರೆ ಅಮ್ಮ.

ಎರಡು ಪದ ನೆಂಟರು ಎನ್ನಲು ಮೂರು ಪ್ರಶ್ನೆ ಕೇಳಿ. ಧ್ವನಿ ಬದಲಾದ ರೀತಿಗೆ ಬೇರೆ ಪದಗಳ ಸಾಕ್ಷಿ ಇದೆಯೇ? ಅರ್ಥ ಹೇಗೆ ಜರುಗಿತು ಎಂದು ಹೇಳಬಹುದೇ? ಆ ಎರಡು ಜನ ನಿಜವಾಗಿ ವ್ಯಾಪಾರಕ್ಕೋ ಯುದ್ಧಕ್ಕೋ ಆಳ್ವಿಕೆಗೋ ಮುಖಾಮುಖಿ ಆಗಿದ್ದರೇ? ಒಂದಕ್ಕೂ ಉತ್ತರ ಇಲ್ಲದಿದ್ದರೆ ಪದ ಎಷ್ಟೇ ಚೆಂದ ಹೊಂದಿದರೂ ಬಿಟ್ಟುಬಿಡಿ.

ಒಂದೇ ಪದ ಎರವಲು ಪಡೆದ ಮಾತ್ರಕ್ಕೆ ಭಾಷೆಗಳೂ ಒಂದೇ ಕುಟುಂಬದವಾಗುವುದಿಲ್ಲ. ಫಿನ್ನಿಶ್, ಟರ್ಕಿಶ್, ಅರಬ್ಬಿ, ಕನ್ನಡ ನಾಲ್ಕೂ ಬೇರೆ ಬೇರೆ ಕುಟುಂಬ. ಕುಟುಂಬ ನೋಡಬೇಕಾದರೆ ಸಂತೆಯಲ್ಲಿ ಸುತ್ತುವ ಪದ ಬಿಟ್ಟು ಹೊಲದಲ್ಲಿ ನಿಂತ ಪದ ನೋಡಿ. ನಮ್ಮ ಕಬ್ಬು, ತಮಿಳಿನ ಕರುಂಬು, ಮಲಯಾಳದ ಕರಿಂಬು ಒಂದೇ ಮನೆಯವು. ಸಕ್ಕರೆ ಮೂಟೆಯಲ್ಲಿ ದೇಶ ಸುತ್ತಿತು. ಕಬ್ಬು ಎಂಬ ಪದ ಇಲ್ಲೇ ಉಳಿಯಿತು.

ಈಗ ಆ ಎರಡನೇ ಪ್ರಶ್ನೆಗೆ ಉತ್ತರ. ಶುಗರ್ ನಮ್ಮ ಸಕ್ಕರೆಯಿಂದ ಹುಟ್ಟಿತೇ? ಇಲ್ಲ. ಎರಡಕ್ಕೂ ಅಜ್ಜಿ ಒಬ್ಬಳೇ, ಶರ್ಕರಾ. ಆದರೆ ಬೆಲ್ಲಕ್ಕೆ ಇಂಗ್ಲಿಷಿನಲ್ಲಿರುವ ಜಾಗರಿ ಎಂಬ ಪದ ನೇರವಾಗಿ ದಕ್ಷಿಣದ್ದು. ನಮ್ಮ ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ಇಲ್ಲಿ ಕೇಳಿದ್ದನ್ನು ಜಾಗರ ಎಂದುಕೊಂಡರು. ಅವರು ಕೇಳಿದ್ದು ಮಲಯಾಳದ ಬಾಯಿಂದಲೋ ಕನ್ನಡದ ಬಾಯಿಂದಲೋ ಎಂಬಲ್ಲಿ ನಿಘಂಟುಗಳೇ ಒಂದು ಮಾತು ಹೇಳುವುದಿಲ್ಲ. ಹಾಗಾಗಿ "ನಮ್ಮದೇ" ಎಂದು ದಪ್ಪಕ್ಷರದಲ್ಲಿ ಬರೆಯಬೇಡಿ.

ಹಂತ 8: ಬರೆದು ಒಪ್ಪಿಸುವುದು

ಒಂದು ಭೂಪಟ, ರಾಶಿಗೊಂದು ಬಣ್ಣ, ಬಾಣದ ಗುರುತು. ಇಷ್ಟು ಸಾಕು. ನೂರು ಭಾಷೆ ತುಂಬಬೇಡಿ. ಮೂಲ ಗೊತ್ತಿರುವ ಇಪ್ಪತ್ತೇ ಇರಲಿ. ಪ್ರಶ್ನೆ ಗುರುತು ಹಾಕಿದ್ದನ್ನು ಹಾಗೇ ತೋರಿಸಿ, ಅಳಿಸಬೇಡಿ.

ಭೂಪಟದಲ್ಲಿ ಕೊನೆಯ ಬಾಣ ಒಂದನ್ನು ಮಾತ್ರ ಮರೆಯಬೇಡಿ. ಅದು ಲಂಡನ್ನಿನಿಂದ ವಾಪಸ್ ಮಂಡ್ಯಕ್ಕೆ. 1933ರಲ್ಲಿ ಇಲ್ಲಿ ಶುರುವಾದ ಮೈಸೂರು ಸಕ್ಕರೆ ಕಂಪನಿಯನ್ನು ಊರಿನವರು ಕರೆಯುವುದು ಮೈಶುಗರ್ ಎಂದು. ಕಾಫಿಗೆ ಹಾಕುವುದು ಸಕ್ಕರೆ. ಆದರೆ "ನಮ್ ತಾತಂಗೆ ಶುಗರ್ ಇದೆ" ಎಂದರೆ ಅದು ಕಾಯಿಲೆ. ಮಗಳು ಶಾಲೆಯಲ್ಲಿ ಓದುವುದು ಶರ್ಕರಪಿಷ್ಟ. ಒಂದೇ ಅಜ್ಜಿಯ ಮೊಮ್ಮಕ್ಕಳು ಒಂದೇ ಮನೆಯಲ್ಲಿ ಬೇರೆ ಬೇರೆ ಕೆಲಸ ಹಿಡಿದು ಕೂತಿದ್ದಾರೆ.

ಸಕ್ಕರೆ ಮುಗಿದ ಮೇಲೆ ಕೈ ಹಾಕಲು ಚಹಾ ಒಳ್ಳೆಯ ಪದ. ಚಾ ಎನ್ನುವವರು, ಟೀ ಎನ್ನುವವರು ಎಂದು ಎರಡೇ ರಾಶಿ ಮಾಡಿ, ಡಚ್ಚರ ಹಡಗು ಎಲ್ಲೆಲ್ಲಿಗೆ ಟೀ ಒಯ್ದಿತ್ತು ನೋಡಿ. ಪೋರ್ಚುಗೀಸರು ಮಾತ್ರ ಹಡಗಿನಲ್ಲೇ ಒಯ್ದರೂ ಚಾ ಎನ್ನುತ್ತಾರೆ. ಅದು ಯಾಕೆ ಎಂದು ಹುಡುಕಲು ಮಕಾವು ಎಂಬ ಬಂದರಿನಿಂದ ಶುರು ಮಾಡಿ.